ಹದಿನಾಲ್ಕನೆಯ ಬೇಡಿಕೆ
(ಕುಟುಂಬದ ವಾಟ್ಸಾಪ್ ಗುಂಪು, ಜನವರಿ 2025)

ರಘು ಚಿಕ್ಕಪ್ಪ: [ಚಿತ್ರ: ಮನವಿ ಪತ್ರ] ಗುರುವಾರ ನಗರಸಭೆಯಲ್ಲಿ ಆಯವ್ಯಯ ಪೂರ್ವಭಾವಿ ಸಭೆ ಇದೆ. ಬಡಾವಣೆಯ ಪರವಾಗಿ ಇದನ್ನು ಸಲ್ಲಿಸುತ್ತಿದ್ದೇವೆ. ಒಟ್ಟು 17 ಬೇಡಿಕೆಗಳು. ಊರಿನಲ್ಲಿರುವವರೆಲ್ಲ ನಾಳೆ ಸಂಜೆಯೊಳಗೆ ಸಹಿ ಹಾಕಿ.

ಸರೋಜ ಅತ್ತೆ: ಮೊದಲ ಬೇಡಿಕೆಯೇ ಸ್ವಾಗತ ಕಮಾನು! ಯಾರನ್ನು ಸ್ವಾಗತಿಸುವುದಕ್ಕಪ್ಪಾ, ಸೊಳ್ಳೆಗಳನ್ನೇ?

ರಘು ಚಿಕ್ಕಪ್ಪ: ಅಕ್ಕ, ಬಡಾವಣೆಗೆ ಒಂದು ಗುರುತು ಬೇಡವೇ? ಪಕ್ಕದವರು ಹಾಕಿಸಿಕೊಂಡಿಲ್ಲವೇ?

ಸರೋಜ ಅತ್ತೆ: ಅವರ ನಲ್ಲಿಯಲ್ಲಿ ನೀರು ಬರುತ್ತದೆ. ನಮ್ಮದನ್ನು ನೋಡು. [ಚಿತ್ರ] ಇವತ್ತು ಬೆಳಿಗ್ಗೆ ತೆಗೆದದ್ದು. ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಮಲಗಿದೆ. ಒಡೆದ ಕಡೆ ಸೈಕಲ್ ಟ್ಯೂಬ್ ಬಿಗಿದು ಹೋಗಿದ್ದಾರೆ. ನೀರು ಬಿಟ್ಟಾಗ ಅಲ್ಲಿಂದ ಹೊರಕ್ಕೆ ಚಿಮ್ಮುತ್ತದೆ, ನಿಲ್ಲಿಸಿದ ಮೇಲೆ ಚರಂಡಿಯ ನೀರು ಅದೇ ಸಂದಿಯಿಂದ ಒಳಕ್ಕೆ ಹೋಗುತ್ತದೆ. ಮೊದಲ ನಾಲ್ಕು ಕೊಡಗಳ ವಾಸನೆಗೆ ಮೂಗು ಬಿಡುವ ಹಾಗಿಲ್ಲ. ಅದನ್ನೆಲ್ಲ ಗಿಡಕ್ಕೆ ಸುರಿಯುತ್ತೇನೆ.

ಕಾವ್ಯ: ಅತ್ತೆ, ಅದೂ ಮನವಿಯಲ್ಲಿದೆ. 14ನೆಯದು. ‘ನೀರಿನ ವ್ಯವಸ್ಥೆ ಸರಿಪಡಿಸುವುದು’ ಎಂಬ ಒಂದೇ ಸಾಲು. ಓಪನ್ ಜಿಮ್‌ಗೆ ಮಾತ್ರ ಐದು ಸಾಲು.

ರಘು ಚಿಕ್ಕಪ್ಪ: ಸಾಲು ಎಣಿಸಬೇಡ. ಹದಿನೇಳು ಕೇಳಿದರೆ ನಾಲ್ಕಾದರೂ ಕೊಡುತ್ತಾರೆ.

ದೊಡ್ಡಪ್ಪ: ಒಂದನ್ನೂ ಕೊಡುವುದಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಇಂಥ ಪಟ್ಟಿಗಳನ್ನು ನೋಡಿ ನೋಡಿಯೇ ನಿವೃತ್ತನಾದವನು ನಾನು. ಪಟ್ಟಿ ಉದ್ದವಾದಷ್ಟೂ ನಮಗೆ ಆರಾಮ. ‘ಪರಿಶೀಲಿಸಲಾಗುವುದು’ ಎಂದು ಷರಾ ಬರೆದು ಕಡತಕ್ಕೆ ಸೇರಿಸಿದರೆ ಮುಗಿಯಿತು.

ರಘು, ನಗರಸಭೆಯ ಹಣ ಒಂದೇ ಡಬ್ಬಿಯಲ್ಲಿರುವುದಿಲ್ಲ. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಊರಿಗೆ ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಆ ದುಡ್ಡಿನಲ್ಲಿ ಕಮಾನು ಕಟ್ಟಿದರೆ ಲೆಕ್ಕಪರಿಶೋಧನೆಯವರು ಸುಮ್ಮನಿರುತ್ತಾರೆಯೇ? ಸ್ವಂತ ಸಂಪನ್ಮೂಲದಲ್ಲಿಯೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಅದು ಇರಲೇಬೇಕಾದದ್ದು. ಉಳಿದದ್ದರಲ್ಲಿ ಸಂಬಳ, ಬೀದಿದೀಪದ ಬಿಲ್ಲು, ಡೀಸೆಲ್. ಸರೋಜಳ ಪೈಪಿಗೆ ಹಣದ ಬಾಬತ್ತು ಇದೆ. ನಿನ್ನ ಕಮಾನಿಗೆ ಎಲ್ಲಿದೆ, ತೋರಿಸು.

ರಘು ಚಿಕ್ಕಪ್ಪ: ಏಪ್ರಿಲ್‌ನಲ್ಲೇ ತೆರಿಗೆ ಕಟ್ಟುವವರು ನಾವು. ಅದರ ಮೇಲೆ ಶೇ 6 ಗ್ರಂಥಾಲಯ ಕರ. 9ನೇ ಬೇಡಿಕೆ ವಾಚನಾಲಯ. ಅದನ್ನು ಕೇಳುವುದೂ ತಪ್ಪೇ?

ದೊಡ್ಡಪ್ಪ: ಕೇಳುವುದು ತಪ್ಪಲ್ಲ, ಕೇಳುವ ಬಾಗಿಲು ತಪ್ಪು. ಆ ಕರವನ್ನು ನಗರಸಭೆ ವಸೂಲಿ ಮಾಡಿ ಗ್ರಂಥಾಲಯದವರಿಗೆ ವರ್ಗಾಯಿಸಬೇಕು. ವಾಚನಾಲಯದ ಅರ್ಜಿ ಅಲ್ಲಿಗೆ ಹೋಗಲಿ.

ಮಹೇಶ (ಪುಣೆ): ಚಿಕ್ಕಪ್ಪ, ಇಲ್ಲಿಯ ಪಾಲಿಕೆಯಲ್ಲಿ 2006ರಿಂದ ನಾಗರಿಕರೇ ನಮೂನೆ ತುಂಬಿ ತಮ್ಮ ವಾರ್ಡಿನ ಕಾಮಗಾರಿ ಸೂಚಿಸುವ ಪದ್ಧತಿ ಇದೆ. ಯಾವ ಜಾಗ, ಯಾವ ಕೆಲಸ ಎಂದು ಬರೆಯಬೇಕು. ‘ವ್ಯವಸ್ಥೆ ಸರಿಪಡಿಸಿ’ ಎಂದರೆ ಎಂಜಿನಿಯರ್ ಯಾವುದಕ್ಕೆ ಅಂದಾಜು ಪಟ್ಟಿ ಮಾಡಬೇಕು?

ರಘು ಚಿಕ್ಕಪ್ಪ: ಪುಣೆಯಲ್ಲಿ ಕುಳಿತು ಹೇಳುವುದು ಸುಲಭ. ಬಿಸಿಲಿನಲ್ಲಿ ಮನೆಮನೆ ಅಲೆದವನು ನಾನು. ಕಮಾನು ಕೇಳಿದವರು ಮೂರನೇ ಅಡ್ಡರಸ್ತೆಯವರು, ಜಿಮ್ ಕೇಳಿದವರು ಉದ್ಯಾನದ ಎದುರಿನವರು. ಒಂದು ತೆಗೆದರೆ ಒಂದು ಬೀದಿಯ ಸಹಿ ಹೋಗುತ್ತದೆ. ಬರೀ ಪೈಪಿಗೆ ಹತ್ತು ಸಹಿಯೂ ಬೀಳುವುದಿಲ್ಲ.

ಮಹೇಶ (ಪುಣೆ): ಆ ಮಾತು ನಿಜ. ಆದರೆ ಅಷ್ಟೊಂದು ಸಹಿ ಯಾಕೆ ಬೇಕು?

ರಘು ಚಿಕ್ಕಪ್ಪ: ಸಭೆಯಲ್ಲಿ ಒಬ್ಬಂಟಿಯಾಗಿ ಎದ್ದು ನಿಂತು ನೋಡು, ಗೊತ್ತಾಗುತ್ತದೆ. ಹಿಂದೆ ಜನ ಇಲ್ಲದಿದ್ದರೆ ಮೈಕು ಮುಂದಿನವರಿಗೆ ಹೋಗುತ್ತದೆ.

ಸರೋಜ ಅತ್ತೆ: ಮೂರನೇ ಅಡ್ಡರಸ್ತೆಗೆ ಹೋಗುವುದೂ ಇದೇ ಪೈಪು ಕಣೋ. ಅವರಿಗೆ ಈ ಚಿತ್ರ ತೋರಿಸಿದೆಯಾ?

ರಘು ಚಿಕ್ಕಪ್ಪ: ಚಿತ್ರ ನೀನು ಕಳಿಸಿದ್ದೇ ಈಗ.

ಸರೋಜ ಅತ್ತೆ: ಸರಿ, ನಾನೇ ಹೋಗುತ್ತೇನೆ. ಬಾಟಲಿಯಲ್ಲಿ ಆ ನೀರನ್ನೂ ತೆಗೆದುಕೊಂಡು.

ಕಾವ್ಯ: ಹೀಗೆ ಬರೆದರೆ ಆಗುತ್ತದೆಯೇ ದೊಡ್ಡಪ್ಪ? ‘ಎರಡನೇ ಅಡ್ಡರಸ್ತೆಯ ಹಾಲಿನ ಬೂತಿನಿಂದ ಮೂರನೇ ಅಡ್ಡರಸ್ತೆಯ ಕೊನೆಯವರೆಗೆ ಚರಂಡಿಯೊಳಗೆ ಹಾದುಹೋಗಿರುವ ಕುಡಿಯುವ ನೀರಿನ ಕೊಳವೆಯನ್ನು ತೆಗೆದು, ಚರಂಡಿಯ ಹೊರಗೆ ಹೊಸ ಕೊಳವೆ ಅಳವಡಿಸುವುದು. ವೆಚ್ಚವನ್ನು 15ನೇ ಹಣಕಾಸು ಆಯೋಗದ ಕುಡಿಯುವ ನೀರಿನ ನಿರ್ಬಂಧಿತ ಅನುದಾನದಿಂದ ಭರಿಸಲು 2025-26ರ ಕ್ರಿಯಾಯೋಜನೆಯಲ್ಲಿ ಸೇರಿಸಬೇಕಾಗಿ ಕೋರಿಕೆ.’

ದೊಡ್ಡಪ್ಪ: ಆಗುತ್ತದೆ. ‘ಕ್ರಿಯಾಯೋಜನೆ’ ಎಂಬುದನ್ನು ಮಾತ್ರ ಬಿಡಬೇಡ. ಅದು ಆ ವರ್ಷ ಮಾಡುವ ಕಾಮಗಾರಿಗಳ ಪಟ್ಟಿ. ಅದರಲ್ಲಿ ಸೇರದ ಕಾಮಗಾರಿಗೆ ಟೆಂಡರ್ ಇಲ್ಲ.

ರಘು ಚಿಕ್ಕಪ್ಪ: ಕಮಾನು?

ದೊಡ್ಡಪ್ಪ: ಬೇರೆ ಪತ್ರ ಬರೆದು ಶಾಸಕರಿಗೆ ಕೊಡು. ಅವರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕೊಟ್ಟೇ ಬಿಡುತ್ತಾರೆ ಎಂದು ನಾನು ಹೇಳುತ್ತಿಲ್ಲ.

ಸರೋಜ ಅತ್ತೆ: ಆ ಪತ್ರಕ್ಕೆ ನನ್ನ ಸಹಿ ಇಲ್ಲ.

ರಘು ಚಿಕ್ಕಪ್ಪ: ಬೇಡ ಬಿಡು ಅಕ್ಕ. ಕಾವ್ಯ, ಪೈಪಿನದನ್ನು ಒಂದೇ ಪುಟದಲ್ಲಿ ಟೈಪ್ ಮಾಡಿ ಕಳಿಸು. ಉಳಿದದ್ದು ಇನ್ನೊಂದು ಪತ್ರ. ಯಾವುದನ್ನೂ ಬಿಡುವುದಿಲ್ಲ, ಬೀದಿಯವರಿಗೆ ಮಾತು ಕೊಟ್ಟಿದ್ದೇನೆ. ಅಣ್ಣ, ಗುರುವಾರ ನೀನೂ ಬಾ. ಶೇಕಡಾ ಲೆಕ್ಕ ಎತ್ತಿದರೆ ನನಗೆ ಬಾಯಿ ಕಟ್ಟುತ್ತದೆ.

ದೊಡ್ಡಪ್ಪ: ಬರುತ್ತೇನೆ. ಎರಡು ಪ್ರತಿ ಇರಲಿ. ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಯ ಮೇಲೆ ಮುದ್ರೆ, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳದೆ ಯಾರೂ ಸಭಾಂಗಣದೊಳಗೆ ಕಾಲಿಡಬೇಡಿ.