ಪದ ಬೇಕು: ಸೂಜಿ ದಾರದಿಂದ ಮಾಡುವ ಮಾಯೆಗೆ ಏನನ್ನೋಣ? (ಶುಕ್ರವಾರದೊಳಗೆ)

ಧಾರವಾಡದಿಂದ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಥಿಕ್ ಕತೆ. ಹಾಳು ಮನೆ, ಮಾಯೆ, ಜೊತೆಗೆ ಪ್ರೇಮ. ಹೆಸರನ್ನು ಈಗಲೇ ಹೊರಗೆ ಬಿಡಬೇಡಿ ಎಂದು ಪ್ರಕಾಶಕರು ಹೇಳಿದ್ದಾರೆ. ಆದರೆ ಬೆನ್ನುಡಿ ಮಾತ್ರ ಶುಕ್ರವಾರವೇ ಬೇಕಂತೆ. ಎರಡು ಪದಗಳಿಗೆ ಸಿಕ್ಕಿಕೊಂಡು ಕೂತಿದ್ದೇನೆ.

ಮೊದಲು ಕತೆಯ ಮಾಯೆ ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಸಮುದ್ರದ ಬದಿಗೆ ಬಂಡೆಯ ಮೇಲೊಂದು ಹಳೆಯ ಕಲ್ಲಿನ ಮನೆ. ಆ ಮನೆಯ ಹೆಣ್ಣುಮಕ್ಕಳು ಏನು ಮಾಡಿದರೂ ಸೂಜಿ ದಾರದಿಂದಲೇ. ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ದಾರ ಮುಂದಕ್ಕೆ ಹೋಗುವಾಗ ಒಂದು ಹೊಲಿಗೆ ಬೀಳುತ್ತದೆ, ಒಂದು ಜಾಗ ಖಾಲಿ ಉಳಿಯುತ್ತದೆ. ಹೀಗೆ ಕೊನೆ ಮುಟ್ಟಿದರೆ ಎದುರಿನವನಿಗೆ ಕಟ್ಟು ಬಿತ್ತು. ಅದೇ ದಾರಿಯಲ್ಲಿ ದಾರ ಹಿಂದಕ್ಕೆ ಬಂದು ಖಾಲಿ ಜಾಗಗಳನ್ನೆಲ್ಲ ತುಂಬಿದರೆ ಕಟ್ಟು ಬಿಟ್ಟಿತು. ಆದರೆ ಬಿಡಿಸಿದವಳು ಅದಕ್ಕೆ ಬೆಲೆ ತೆರಬೇಕು. ಯಾರನ್ನು ಬಿಡಿಸಿದಳೋ ಅವರನ್ನೇ ಮರೆಯುತ್ತಾಳೆ. ನಾಯಕನನ್ನು ಅವನ ಅಜ್ಜಿ ಒಂದು ಕಪ್ಪು ಪರದೆಯಲ್ಲಿ ಹೊಲಿದಿಟ್ಟಿದ್ದಾಳೆ. ಅವನು ಹೊಸ್ತಿಲು ದಾಟಲಾರ. ನಾಯಕಿ ಅರ್ಧ ದಾರಿ ಹಿಂದಕ್ಕೆ ಹೊಲಿದು, ಸೂಜಿ ಹಿಡಿದುಕೊಂಡು ಬೆಳಗಿನ ತನಕ ಕೂತುಬಿಡುತ್ತಾಳೆ. ಆ ಅಧ್ಯಾಯ ಮುಗಿಸಿದ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ.

ಲೇಖಕಿ ಇದಕ್ಕೆ ಇಟ್ಟ ಪದ ವರ್ಕ್. ಇಂಗ್ಲಿಷಿನಲ್ಲಿ ಹಿಂದೆ ಹೆಂಗಸರ ಸೂಜಿ ಕೆಲಸಕ್ಕೆ ಸುಮ್ನೆ ವರ್ಕ್ ಅಂತಲೇ ಹೇಳುತ್ತಿದ್ದರು. ಮಾಯೆ ಮಾಡುವುದಕ್ಕೂ ಅದೇ ಮಾತು ನಡೆಯುತ್ತದೆ. ಎರಡನ್ನೂ ಒಂದರಲ್ಲಿ ಹಿಡಿದಿದ್ದಾರೆ. ಹಿಂದಕ್ಕೆ ಬರುವ ದಾರಕ್ಕೆ ರಿಟರ್ನ್ ಅಂತಾರೆ. ವಾಪಸ್ ಬರುವುದೂ ಅದೇ, ವಾಪಸ್ ಕೊಡುವುದೂ ಅದೇ.

ನಾನು ಮೊದಲ ನಲವತ್ತು ಪುಟಗಳಲ್ಲಿ ಮಂತ್ರ ಅಂತ ಬರೆದೆ. ಗಟ್ಟಿಯಾಗಿ ಓದಿದಾಗ ತಪ್ಪು ಅನಿಸಿತು. ಮಂತ್ರಕ್ಕೆ ಬಾಯಿ ಬೇಕು, ಅಲ್ವಾ? ಇವರು ತುಟಿಯನ್ನೇ ಬಿಚ್ಚುವುದಿಲ್ಲ. ರಿಟರ್ನ್‌ಗೆ ಪ್ರತಿಮಂತ್ರ ಎಂದು ಬರೆದು ಹೊಡೆದುಹಾಕಿದೆ. ಗಾಥಿಕ್ ಅನ್ನುವುದನ್ನು ಹಾಗೇ ಇಡಬಹುದೇ ಅನ್ನುವುದೂ ಒಂದು ಪ್ರಶ್ನೆ. ಮನೆಗೆ ವಾಡೆ ಅನ್ನುವ ಆಸೆಯೂ ಇದೆ. ದಯವಿಟ್ಟು ಬೇಗ ಹೇಳಿ.

ಗದಗದಿಂದ

ಮಂತ್ರ ಬೇಡ. ಮಾಯೆಯೂ ಬೇಡ. ಎರಡೂ ಸಂಸ್ಕೃತ.

ಮಾಟ ಎನ್ನಿ. ಓಡು ಓಟ, ನೋಡು ನೋಟ, ಆಡು ಆಟ, ಕೂಡು ಕೂಟ, ಕಾಡು ಕಾಟ. ಹಾಗೇ ಮಾಡು ಮಾಟ. ಮಾಡಿದ್ದೇ ಮಾಟ. ನಿಮ್ಮ ಲೇಖಕಿಯ ವರ್ಕ್ ಇದೇ, ಒಂದು ಎಳೆಯೂ ಆಚೀಚೆ ಇಲ್ಲ. 'ಮಾಟವಾದ ಮೂಗು' ಎಂದಾಗ ಅಲ್ಲಿ ಮಂತ್ರವಾದಿ ಯಾರೂ ಇಲ್ಲ. ಚೆಂದಾಗಿ ತಿದ್ದಿದ ಮೂಗು, ಅಷ್ಟೇ. ಕೈಕೆಲಸದ ಚೆಂದ, ಕಣ್ಣಿಗೆ ಬೀಳದ ಕೇಡು, ಎರಡೂ ಈ ಒಂದು ಪದದಲ್ಲಿ ಕೂತಿವೆ. ನಮ್ಮ ಕಡೆ 'ಅವರಿಗೆ ಯಾರೋ ಮಾಡಿಸ್ಯಾರ' ಅಂದರೆ, ಏನು ಮಾಡಿಸಿದ್ದಾರೆ ಅಂತ ಮರುಪ್ರಶ್ನೆ ಕೇಳುವವರು ಯಾರೂ ಇಲ್ಲ.

ನಿಮ್ಮ ಕತೆಗೆ ಸೂಜಿಮಾಟ. ಗಾಥಿಕ್ ತೆಗೆಯಿರಿ, ಹಾಳುಮನೆಯ ಕತೆ ಎನ್ನಿ. ಪ್ರೇಮವೂ ಬೇಡ, ಒಲವು ಎನ್ನಿ. ವಾಡೆ ಖಂಡಿತ ಬೇಡ, ಅದು ಮರಾಠಿಯ ವಾಡಾ. ಮುಳಗುಂದದ ಕವಿ ನಯಸೇನ 1112ರ ಸುಮಾರಿಗೇ, ಕನ್ನಡಕ್ಕೆ ಸಂಸ್ಕೃತ ಬೆರೆಸುವವರನ್ನು ಕೇಳಿದ್ದಾನೆ: 'ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ'. ತುಪ್ಪಕ್ಕೆ ಎಣ್ಣೆ ಬೆರೆಸುವುದು ಸರಿಯೇ ಅಂತ. ಗದಗ ಸೀಮೆಯಲ್ಲೇ ಹುಟ್ಟಿದ ಮಾತು ಅದು. ನಾವಾದರೂ ನೆನಪಿಡಬೇಕು.

ಹುಬ್ಬಳ್ಳಿಯಿಂದ

ಸರ್, ಸೂಜಿ ಎಲ್ಲಿಂದ ಬಂತು? ಸೂಚಿ, ಸೂಜಿ. ತದ್ಭವ. ನಯಸೇನನ ಆ ಸಾಲಿನಲ್ಲೂ ತುಪ್ಪ, ಎಣ್ಣೆ ಇಲ್ಲ. ಘೃತ, ತೈಲ ಇವೆ. ಬೆರೆಸಬೇಡಿ ಅನ್ನುವುದಕ್ಕೂ ಅವನಿಗೆ ಸಂಸ್ಕೃತವೇ ಬೇಕಾಯಿತು.

ನನ್ನ ತಕರಾರು ಅದಲ್ಲ. ಮಾಟ ಈಗ ಓಟ, ಆಟಗಳ ಸಾಲಿನಲ್ಲಿ ಉಳಿದಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಮಾಟಗಾತಿ ಅಂತಿದ್ದರು. ಬೆಳಿಗ್ಗೆ ಯಾರದೋ ಬಾಗಿಲ ಮುಂದೆ ನಿಂಬೆಹಣ್ಣು ಬಿದ್ದಿದ್ದರೆ ಅದು ಅವಳದೇ. ಅವಳ ಕೈಯಿಂದ ಒಂದು ಲೋಟ ನೀರು ಕುಡಿದವರಿಲ್ಲ. ನನ್ನ ಚೆಂಡು ಒಮ್ಮೆ ಅವಳ ಅಂಗಳಕ್ಕೆ ಬಿತ್ತು. ತೊಳೆದು, ಒರೆಸಿ, ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಮ್ಮವ್ವ ಆ ಚೆಂಡನ್ನು ಒಲೆಗೆ ಹಾಕಿದಳು. ಈ ಪದ ಕೇಳಿದಾಗಲೆಲ್ಲ ನನಗೆ ಆ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ನಮ್ಮ ರಾಜ್ಯ ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅದು 2020ರಲ್ಲಿ ಜಾರಿಗೆ ಬಂತು. ಪ್ರೀತಿಸುವ ಹುಡುಗಿಯ ಕೈಗೆ ಈ ಪದ ಕೊಡಬೇಡಿ ಮೇಡಂ.

ಮೋಡಿ ಅನ್ನಿ. ನಮ್ಮ ಭಾಗದ ಹಳೆಯ ದಫ್ತರಗಳಲ್ಲಿ ಮೋಡಿ ಅಕ್ಷರ ಇರುತ್ತದೆ. ಲೇಖನಿ ಎತ್ತದೆ ಎಳೆದುಕೊಂಡು ಹೋಗುವ ಬರಹ. ನಿಮ್ಮ ಹರಿಯದ ದಾರಕ್ಕೆ ಸರಿಯಾಗಿ ಕೂರುತ್ತದೆ.

ಗದಗದಿಂದ

ಮೋಡಿ ಅಕ್ಷರದ ಹೆಸರೂ ಮರಾಠಿ. ಇನ್ನೊಂದು ಮೋಡಿ ಅಂದರೆ ಮರುಳು ಮಾಡುವುದು. ಬೀದಿಯಲ್ಲಿ ಮೋಡಿ ಆಟ ಆಡುತ್ತಾರೆ, ನೋಡಿದವರು ಮನೆಗೆ ಹೋಗುತ್ತಾರೆ. ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ನಡೆಯದು.

ಸೂಜಿಯ ವಿಷಯ ಒಪ್ಪಿದೆ. ಕೈ ಹಾಕಿ. ಕೈಮಾಟ.

ಹುಬ್ಬಳ್ಳಿಯಿಂದ

ಮರಾಠಿ, ಪಾರಸಿ ಅಂತ ಒಂದೊಂದನ್ನೇ ಹೊರಗೆ ಹಾಕುತ್ತಾ ಹೋದರೆ ಹುಬ್ಬಳ್ಳಿಯಲ್ಲಿ ಬಾಯಿ ತೆರೆಯುವ ಹಾಗಿಲ್ಲ. ದುರ್ಗದಬೈಲಿನ ಅಂಗಡಿಯಲ್ಲಿ ನಾನು ರೇಷ್ಮೆ ದಾರ ಕೇಳುತ್ತೇನೆ. ರೇಷ್ಮೆ ಪಾರಸಿಯ ರೇಶಮ್. ಕುಡಿಯುವ ಚಹಾ, ಕೂರುವ ಖುರ್ಚಿ, ತಲೆಗೆ ಸುತ್ತುವ ರುಮಾಲು, ಯಾವುದು ನಮ್ಮದಲ್ಲ? ನಮ್ಮಜ್ಜ ಆಡಿದ ಮಾತು ನನಗೆ ಕನ್ನಡ. ಅದು ಎಲ್ಲಿಂದ ಬಂತು ಅಂತ ಅವನು ಕೇಳಲಿಲ್ಲ. ಈ ಕಾದಂಬರಿಯ ಮುಖ್ಯ ಸಾಮಾನೇ ಪರದೆ. ಅದೂ ಪಾರಸಿ. ತೆಗೆಯೋಣವೇ?

ಗದಗದಿಂದ

ತೆರೆ ಎನ್ನಿ.

ಬೆಂಗಳೂರಿನಿಂದ

ಗಾಥಿಕ್ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಗಾಥ್ ಅನ್ನುವ ಜನರ ಹೆಸರಿನಿಂದ ಬಂದದ್ದು. ಹಳೆಯ ಕಟ್ಟಡಗಳ ಶೈಲಿಯನ್ನು ಹೀಯಾಳಿಸಲು ಇಟಲಿಯವರು ಬಳಸಿದರು. ಆಮೇಲೆ ಹೊರೇಸ್ ವಾಲ್‌ಪೋಲ್ 1764ರ ಕೊನೆಗೆ ಬಂದ ತನ್ನ ಕಾದಂಬರಿಯ ಎರಡನೇ ಮುದ್ರಣಕ್ಕೆ, 1765ರಲ್ಲಿ, ಗಾಥಿಕ್ ಕತೆ ಅಂತ ಉಪಶೀರ್ಷಿಕೆ ಕೊಟ್ಟ. ಜನರ ಹೆಸರನ್ನು ಅನುವಾದ ಮಾಡುವುದಿಲ್ಲ. ಹಾಗೇ ಇಡಿ.

ಮಂತ್ರಕ್ಕೆ ಇಂಗ್ಲಿಷಿನವರು ಹೇಳುವ ಸ್ಪೆಲ್ ಕೂಡ ಮೂಲದಲ್ಲಿ ಮಾತು, ಕತೆ ಅನ್ನುವ ಅರ್ಥದ್ದು. ಬಾಯಿಯ ಪದವೇ. ಲೇಖಕಿ ಅದನ್ನು ಬಿಟ್ಟಿದ್ದಾರೆ ಅಂದರೆ ತಿಳಿದೇ ಬಿಟ್ಟಿದ್ದಾರೆ.

ಹಾವೇರಿಯಿಂದ

ಅಕ್ಕಾವರೆ, ನೀವು ಬರೆದದ್ದು ನಮ್ಮ ಕಡೆಯ ಕಸೂತಿಯಲ್ಲಿ ಹಾಕುವ ಗವಂತಿ ಹೊಲಿಗೆ. ಬೇರೇನೂ ಅಲ್ಲ. ಆ ಲೇಖಕಿ ಯಾವ ಊರಿನವರೋ ಗೊತ್ತಿಲ್ಲ, ಆದರೆ ದಾರ ಹೋಗಿ ಬರುವ ಲೆಕ್ಕ ಅದೇ. ನಾನು ಮೂವತ್ತು ವರ್ಷದಿಂದ ಹಾಕುತ್ತಿದ್ದೇನೆ.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ. ಎಳೆ ಎಣಿಸಬೇಕು. ಕಪ್ಪು ಚಂದ್ರಕಾಳಿ ಸೀರೆಯಾದರೆ ಹಗಲು ಬೆಳಕೇ ಬೇಕು. ಹೋಗುವಾಗ ಒಂದು ಬಿಟ್ಟು ಒಂದು. ಹೊಲಿಯುವ ತೇರಿನ ಚಿತ್ರದ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಬಂದು ಬಿಟ್ಟದ್ದನ್ನು ತುಂಬಬೇಕು. ಒಂದು ಎಳೆ ತಪ್ಪಿ ಎಣಿಸಿದ್ದರೆ ಹೋಗುವಾಗ ಗೊತ್ತಾಗುವುದಿಲ್ಲ. ಬರುವಾಗ ದಾರಿ ಕೂಡುವುದಿಲ್ಲ, ಆಗ ಗೊತ್ತಾಗುತ್ತದೆ. ಗವಂತಿ, ಮೆಟ್ಟಿಲಿನ ಹಾಗೆ ಹೋಗುವ ಮುರಗಿ, ಈ ಎರಡೂ ಹೊಲಿಗೆಯಲ್ಲಿ ಮುಂದು ಹಿಂದು ಒಂದೇ ಥರ ಕಾಣಬೇಕು. ಗವಂತಿ ಅನ್ನುವ ಹೆಸರು ಗಂಟಿನಿಂದ ಬಂತು ಅಂತ ಬರೆಯುತ್ತಾರೆ. ನನಗೆ ಕಲಿಸಿದ ನಮ್ಮತ್ತೆ ಗಂಟು ಕಂಡರೆ ಕತ್ತರಿಸಿ ಹಾಕುತ್ತಿದ್ದರು. 'ಗಂಟ ಹಾಕಬ್ಯಾಡ. ತುದಿಗೆ ಹೋಗು, ಹೊಳ್ಳಿ ಬಾ' ಅಂತಿದ್ದರು.

ಹೊಳ್ಳಿ ಬಾ ಅಂದರೆ ವಾಪಸ್ ಬಾ. ಹೊಳ್ಳಿ ಕೊಡು ಅಂದರೆ ವಾಪಸ್ ಕೊಡು. ನಿಮಗೆ ಎರಡೂ ಒಂದೇ ಪದದಲ್ಲಿ ಬೇಕು ಅಂದಿರಲ್ಲ. ನಾವು ಮನೆಯಲ್ಲಿ ಹೋಗು ಎಳೆ, ಹೊಳ್ಳು ಎಳೆ ಅಂತೀವಿ. ಪುಸ್ತಕದಲ್ಲಿ ನಡೆಯುತ್ತದೋ ಇಲ್ಲವೋ ನೀವೇ ನೋಡಿ.

ಬೆಂಗಳೂರಿನಿಂದ

ಹೊಳ್ಳು ಅಂದರೆ ಜೊಳ್ಳು. ಪೊಳ್ಳು, ಹೊಳ್ಳು. ಮೈಸೂರು ಕಡೆಯ ಓದುಗರು 'ಖಾಲಿ ಎಳೆ' ಅಂತ ಓದುತ್ತಾರೆ. ಮರಳು ಎಳೆ ಅನ್ನಿ. ಎಲ್ಲರಿಗೂ ಗೊತ್ತಾಗುತ್ತದೆ.

ಗದಗದಿಂದ

ಇಲ್ಲ. ಇವು ಎರಡು ಬೇರೆ ಪದ. ಪೊಳ್ಳಿನಿಂದ ಬಂದ ಹೊಳ್ಳು ಒಂದು. ಹೊರಳು ಸವೆದು ಆದ ಹೊಳ್ಳು ಇನ್ನೊಂದು. ನಡುವಿನ ರಕಾರ ಬಿದ್ದು ಳಕಾರ ಎರಡಾಗುವುದು ನಮ್ಮ ಕಡೆಯ ಆಡುಮಾತಿನ ನಿಯಮ. ಕೊರಳು ಕೊಳ್ಳು ಆಯಿತು, 'ಕೊಳ್ಳಾಗಿನ ತಾಳಿ'. ಉರುಳಾಡು ಉಳ್ಳಾಡು ಆಯಿತು. ಮರಳಿ ಮಳ್ಳಿ ಆಯಿತು. ಹಾಗೇ ಹೊರಳಿ ಹೊಳ್ಳಿ. ಇದು ಒಡಕು ಮಾತಲ್ಲ, ಅಚ್ಚ ಕನ್ನಡ ತನ್ನ ದಾರಿಯಲ್ಲಿ ತಾನು ನಡೆದದ್ದು. ಮರಳು ಎಳೆ ಎಂದರೆ ಓದುಗರ ಕಣ್ಣಿಗೆ ಉಸುಕು ಬರುತ್ತದೆ. ಸಮುದ್ರದ ಬದಿಯ ಕತೆ ಬೇರೆ.

ಹಾವೇರಿಯ ತಂಗಿ, ನಿಮ್ಮ ಅತ್ತೆ ಆಡುತ್ತಿದ್ದ ಇಂಥ ಹೊಲಿಗೆಯ ಪದಗಳು ಇನ್ನೂ ಇದ್ದರೆ ಬರೆದಿಡಿ. ನಾನು ಕೂಡಿಸುತ್ತಿದ್ದೇನೆ.

ಹುಬ್ಬಳ್ಳಿಯಿಂದ

ಹೊಳ್ಳು ಎಳೆ ನನಗೂ ಒಪ್ಪಿಗೆ. ಕೈಮಾಟ ಒಪ್ಪಿಗೆ ಇಲ್ಲ. ಮುಂದೆ ಕೈ ಹಾಕಿದರೂ ಹಿಂದೆ ಕೇಳುವುದು ಮಾಟವೇ.

ಧಾರವಾಡದಿಂದ

ಬೆನ್ನುಡಿ ಈಗಷ್ಟೇ ಕಳಿಸಿದೆ. ಏನು ಇಟ್ಟೆ, ಯಾಕೆ ಇಟ್ಟೆ ಅಂತ ಹೇಳುತ್ತೇನೆ.

ಗಾಥಿಕ್ ಹಾಗೇ ಇದೆ. ವಾಡೆ ಬಿಟ್ಟೆ, ಆದರೆ ಮರಾಠಿ ಅನ್ನುವ ಕಾರಣಕ್ಕಲ್ಲ. ವಾಡೆ ಅಂದ ಕೂಡಲೇ ನನ್ನ ಕಣ್ಣಿಗೆ ದೇಸಾಯರ ಮನೆಯ ದೊಡ್ಡ ಬಾಗಿಲು, ಒಳಗೆ ಜೋಳದ ಹಗೇವು ಬರುತ್ತದೆ. ಈ ಮನೆ ಮಂಜಿನೊಳಗೆ, ಉಪ್ಪುಗಾಳಿಯಲ್ಲಿ ನಿಂತಿದೆ. ಅದು ಅಲ್ಲೇ ಇರಲಿ. ಕಲ್ಲುಮನೆ ಅಂದೆ.

ಪರದೆಗೆ ತೆರೆ ಅಂದೆ. ಗದಗದ ಸರ್ ಎರಡೇ ಪದದಲ್ಲಿ ಉತ್ತರ ಬರೆದಾಗ ಮೊದಲು ಸಿಟ್ಟು ಬಂತು. ಆಮೇಲೆ ಮೂರನೇ ಅಧ್ಯಾಯ ತೆಗೆದು ನೋಡಿದೆ. ಕಿಟಕಿಯ ಹೊರಗೆ ಸಮುದ್ರ, ಒಳಗೆ ಕಪ್ಪು ಬಟ್ಟೆ, ಎರಡೂ ಒಟ್ಟಿಗೆ ಏಳುತ್ತವೆ, ಬೀಳುತ್ತವೆ. ನಮ್ಮಲ್ಲಿ ಅಲೆಗೂ ತೆರೆ, ಬಟ್ಟೆಗೂ ತೆರೆ. ಇಂಗ್ಲಿಷಿನಲ್ಲಿ ಲೇಖಕಿಗೆ ಅದಕ್ಕೆ ಒಂದು ಇಡೀ ವಾಕ್ಯ ಬೇಕಾಗಿತ್ತು.

ಹೊಳ್ಳು ಎಳೆಯನ್ನು ಹಾವೇರಿಯ ಅಕ್ಕ ಕೊಟ್ಟ ಹಾಗೇ ಇಟ್ಟಿದ್ದೇನೆ. ಮೈಸೂರಿನ ಓದುಗರಿಗೆ ಮೊದಲ ಸಲ ಬರುವಲ್ಲಿ ದಾರ ಹಿಂದಕ್ಕೆ ಬರುವುದನ್ನು ತೋರಿಸಿದರೆ ಸಾಕು, ಆಮೇಲೆ ಅವರೂ ಅದನ್ನೇ ಹಿಡಿದು ಹೋಗುತ್ತಾರೆ.

ಕೈಮಾಟದ ಬಗ್ಗೆ ಹುಬ್ಬಳ್ಳಿಯ ಸರ್‌ಗೆ. ನಿಮ್ಮ ಚೆಂಡಿನ ಮಾತು ಓದಿದ ಮೇಲೆ ಎರಡು ದಿನ ಮೋಡಿ ಅಂತಲೇ ಬರೆದೆ. ಆದರೆ ಈ ಕಾದಂಬರಿಯಲ್ಲೂ ಬಂಡೆಯ ಕೆಳಗೆ ಮೀನುಗಾರರ ಒಂದು ಹಳ್ಳಿ ಇದೆ. ಆ ಮನೆಯ ಹೆಂಗಸರು ಕಳಿಸಿದ ಬ್ರೆಡ್ಡನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ, ಸಮುದ್ರಕ್ಕೆ ಎಸೆಯುತ್ತಾರೆ. ನಾಯಕಿ ಅದನ್ನು ಕಿಟಕಿಯಿಂದ ನೋಡುತ್ತಾಳೆ, ಮರುದಿನ ಮತ್ತೆ ಕಳಿಸುತ್ತಾಳೆ. ನಿಮ್ಮ ಓಣಿಯ ಆ ಮುದುಕಿ ಚೆಂಡು ಒರೆಸಿ ಇಟ್ಟ ಹಾಗೆಯೇ. ಮೋಡಿ ಅಂದರೆ ಆ ಬ್ರೆಡ್ ಎಸೆದದ್ದು ಯಾಕೆ ಅಂತ ತಿಳಿಯುವುದಿಲ್ಲ. ಮಾಟ ಅಂದರೆ ತಿಳಿಯುತ್ತದೆ. ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಮಾಟ. ಮನೆಯವರ ಬಾಯಲ್ಲಿ ಯಾವಾಗಲೂ ಕೈಮಾಟ. ಮಾಟಗಾತಿ ಅನ್ನುವ ಪದ ಇಡೀ ಪುಸ್ತಕದಲ್ಲಿ ಒಂದೇ ಸಲ ಬರುತ್ತದೆ, ಅದನ್ನು ಕೂಗಿದವನು ಮುಂದೆ ಅವಳ ಬಾಗಿಲಿಗೇ ಬರುತ್ತಾನೆ.

ಬೆನ್ನುಡಿಯ ಕೊನೆಯ ಸಾಲು ಹೀಗಿದೆ: 'ಹೋಗು ಎಳೆ ಅಜ್ಜಿಯದು. ಹೊಳ್ಳು ಎಳೆ ಅವಳದು. ತೆರೆಯ ನಡುವೆ ಸೂಜಿ ನಿಂತಿದೆ.'

ಹಾವೇರಿಯಿಂದ

ನಿಂತಿದೆ ಬೇಡ ಅಕ್ಕ. ಸೂಜಿ ಚುಚ್ಚಿ ಬಿಟ್ಟರೆ ಜೋಲುತ್ತದೆ. 'ಸೂಜಿ ಜೋಲುತ್ತಿದೆ' ಅನ್ನಿ.

ಧಾರವಾಡದಿಂದ

ಈಗಲೇ ಫೋನ್ ಮಾಡಿ ತಿದ್ದಿಸುತ್ತೇನೆ.