ಗಿಳಿ ಹಸಿರು ಪೇಂಟ್, ಮೂರು ಕೋಟ್ ಆದ್ರೂ ಪಟ್ಟೆ ಪಟ್ಟೆ ಕಾಣ್ತಿದೆ, ಹೆಲ್ಪ್ ಮಾಡಿ

ಮಲ್ನಾಡ್_ಮನೆ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್ ಇದೆ. ಗೌರಿ ಹಬ್ಬದೊಳಗೆ ಹಾಲ್ ಪೇಂಟ್ ಮುಗೀಬೇಕು. ಅಮ್ಮಂಗೆ ಎಳೇ ಬಾಳೆಲೆ ಬಣ್ಣ ಅಂದ್ರೆ ಪಂಚಪ್ರಾಣ, ಶೇಡ್ ಕಾರ್ಡಲ್ಲಿ ಅದೇ ತರದ್ದು ಹುಡುಕಿ ನಾಲ್ಕೂ ಗೋಡೆಗೆ ಹೊಡ್ಸಿದ್ವಿ, ಮೂರು ಕೋಟ್ ಆಯ್ತು ಇನ್ನೂ ಒಂದು ಕಡೆ ತೆಳು ಒಂದು ಕಡೆ ದಟ್ಟ, ರೋಲರ್ ಹೋದ ದಾರಿ ಹಾಗೇ ಕಾಣುತ್ತೆ. ಪೇಂಟರ್ ಇನ್ನೊಂದು ಕೋಟ್ ಅಂತಿದಾರೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದ್ರೆ ಎಲ್ರ ಮುಖನೂ ಹುಷಾರಿಲ್ದೋರ ತರ ಕಾಣುತ್ತೆ ಬೇರೆ, ಅಮ್ಮ ಬೇಜಾರಾಗಿ ಬಿಳಿನೇ ಹೊಡ್ಸಿಬಿಡು ಅಂತಿದಾರೆ.

ಬ್ರಶ್_ರೋಲರ್:
ಬಿಳಿ ಹೊಡೀಬೇಡಿ ಸರ್, ಸರಿ ಮಾಡ್ಬೋದು. ಕೆಳಗೆ ಪ್ರೈಮರ್ ಯಾವ ಬಣ್ಣ? ಬೆಳಗ್ಗೆ ಗೋಡೆಗೆ ಕೆನ್ನೆ ತಾಗಿಸ್ಕೊಂಡು ಓರೆಯಾಗಿ ನೋಡಿ, ಅಲ್ಲಲ್ಲಿ ಹೊಳಪು ಅಲ್ಲಲ್ಲಿ ಮಂಕು ಇದ್ರೆ ಪುಟ್ಟಿ ಪೇಂಟ್ ಕುಡೀತಿದೆ ಅಂತ. ಹೊಳಪು ಒಂದೇ ಸಮ ಇದ್ದು ಬಣ್ಣ ಮಾತ್ರ ತೆಳು ಅಂದ್ರೆ ಕೆಳಗಿನದ್ದು ಇಣುಕ್ತಿದೆ.

ಮಲ್ನಾಡ್_ಮನೆ:
ಪ್ರೈಮರ್ ಬಿಳಿ. ನೋಡ್ದೆ, ಹೊಳಪು ಸಮ ಇದೆ.

ಬ್ರಶ್_ರೋಲರ್:
ಹಂಗಾದ್ರೆ ಗೋಡೆ ಚೆನ್ನಾಗಿದೆ, ಈ ಬಣ್ಣದ ಗುಣನೇ ಅದು. ಪೇಂಟಲ್ಲಿ ಗೋಡೆ ಮುಚ್ಚೋದು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ. ತಿಳಿ ಶೇಡಲ್ಲಿ ಅದು ಧಾರಾಳ ಇರುತ್ತೆ, ಇಂಥ ಹಸಿರಿಗೆ ಹಾಕಿದ್ರೆ ಪೇಲವ ಆಗುತ್ತೆ ಅಂತ ಅದು ಕಮ್ಮಿ ಇರೋ ಬೇಸಲ್ಲೇ, ಅಂದ್ರೆ ಬಣ್ಣ ಸೇರ್ಸೋಕೆ ಮುಂಚಿನ ಪೇಂಟಲ್ಲೇ, ಬಣ್ಣ ಬೆರೆಸ್ತಾರೆ, ಅದಕ್ಕೇ ಬೆಳಕು ತೂರಿ ಹೋಗುತ್ತೆ, ಅದ್ರ ಜೊತೆ ಪೇಂಟ್‌ಗೆ ನೀರು ಜಾಸ್ತಿ ಬೆರೆಸಿದ್ರೆ ಮುಗೀತು. ಇನ್ನೊಂದು ಕೋಟ್ ಹಾಕಿದ್ರೂ ಪಟ್ಟೆ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

220 ನಂಬರ್ ಎಮರಿ ಪೇಪರಲ್ಲಿ ಹಗುರಕ್ಕೆ ಉಜ್ಜಿ ಧೂಳು ಒರೆಸಿ. ಶೇಡ್ ಕಾರ್ಡಲ್ಲಿ ಅದೇ ಸಾಲಲ್ಲಿ ಎರಡು ಮನೆ ತಿಳಿ ಇರೋ ಹಸಿರು ಬಿಳಿ ಬೇಸಲ್ಲಿ ಮಾಡ್ಸಿ ಮೊದ್ಲು ಒಂದು ಕೋಟ್ ಹೊಡ್ಸಿ, ಅದು ಮುಚ್ಚುತ್ತೆ. ಅದು ಒಣಗೋಕೆ ಸಾಮಾನ್ಯವಾಗಿ 4ರಿಂದ 6 ಗಂಟೆ ಸಾಕು, ನಿಮ್ಮಲ್ಲಿ ಮಳೆ ಹಿಡಿದಿದ್ರೆ ಒಂದು ರಾತ್ರಿ ಬಿಡಿ. ಆಮೇಲೆ ನಿಮ್ಮ ಹಸಿರಿನ ಡಬ್ಬ ಎಲ್ಲಾ ಒಂದೇ ಬಕೆಟ್‌ಗೆ ಸುರಿದು ಕಲಸಿ, ಡಬ್ಬದ ಮೇಲೆ ಬರೆದಷ್ಟೇ ನೀರು. ಒಂದು ಗೋಡೆ ಶುರು ಮಾಡಿದ್ರೆ ಮೂಲೆಯಿಂದ ಮೂಲೆಗೆ ನಿಲ್ಲಿಸ್ದೆ ಮುಗಿಸ್ಬೇಕು, ಹಿಂದಿನ ಪಟ್ಟಿ ಹಸಿ ಇದ್ದಾಗ್ಲೇ ಪಕ್ಕದ್ದು ಅದ್ರ ಮೇಲೆ ಸ್ವಲ್ಪ ಏರ್ಬೇಕು. ನಡುವೆ ಟೀಗೆ ಎದ್ದೋದ್ರೆ ಅಲ್ಲೇ ಗೆರೆ ಬೀಳುತ್ತೆ.

ಮುಖದ ವಿಷ್ಯ, ನಾಲ್ಕೂ ಕಡೆ ಹಸಿರಿದ್ರೆ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಹಸಿರಾಗೇ ಬರುತ್ತೆ, ಸೀಲಿಂಗ್ ನೋಡಿ, ಅದೂ ಹಸಿರು ಕಾಣ್ತಿರುತ್ತೆ. ಕಿಟಕಿ ಎದುರಿನ ಒಂದು ಗೋಡೆ ಮಾತ್ರ ಉಳಿಸ್ಕೊಳ್ಳಿ, ಉಳಿದ ಮೂರಕ್ಕೆ ಕೆನೆ ಬಣ್ಣ. 6500 ಕೆಲ್ವಿನ್ ಅಂತ ಬರೆದಿರೋ ನೀಲಿ ಬಿಳುಪಿನ ಟ್ಯೂಬ್ ತೆಗೆದು 3000ದ್ದು, ಅಂದ್ರೆ ಹಳದಿ ಬೆಳಕಿಂದು ಹಾಕಿ.

ಮಲ್ನಾಡ್_ಮನೆ:
ಅಣ್ಣ ತುಂಬಾ ಥ್ಯಾಂಕ್ಸ್. ನೀವು ಹೇಳಿದಂಗೆ ಒಂದೇ ಗೋಡೆ ಮಾಡಿದ್ವಿ, ತಿಳಿ ಕೋಟ್ ಮೇಲೆ ಎರಡು ಕೋಟ್, ಒಂದು ಗೆರೆನೂ ಇಲ್ಲ. ಅಮ್ಮ ಹಿತ್ಲಿಂದ ಎಳೇ ಬಾಳೆಲೆ ಕುಯ್ಕೊಂಡು ಬಂದು ಗೋಡೆಗೆ ಹಿಡಿದು ನೋಡಿದ್ರು, ಎಲೆ ಅಂಚು ಎಲ್ಲಿ ಮುಗೀತು ಅಂತ ದೂರದಿಂದ ಗೊತ್ತಾಗ್ಲಿಲ್ಲ.