ಹಜಾರದ ಮೂಲೆಗೆ ಎತ್ತರದ ಗಿಡ: ಯಾವುದು ತರಲಿ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಹಜಾರದ ಪಶ್ಚಿಮಕ್ಕೆ ಬಾಲ್ಕನಿಯ ಗಾಜಿನ ಬಾಗಿಲು, ಉತ್ತರಕ್ಕೊಂದು ಕಿಟಕಿ. ಸೋಫಾದ ಪಕ್ಕದ ಮೂಲೆ ಖಾಲಿ ಇದೆ, ಬಾಗಿಲಿನಿಂದ 12 ಅಡಿ ದೂರ. ಅಲ್ಲಿ ಆರಡಿ ಎತ್ತರದ, ಮರದಂತೆ ನಿಲ್ಲುವ ಗಿಡ ಬೇಕು. ಕಳೆದ ವರ್ಷ ಫಿಡಲ್ ಲೀಫ್ ಫಿಗ್ ತಂದಿದ್ದೆ. ವಾರಕ್ಕೆ ಮೂರು ಸಲ ನೀರು ಹಾಕಿದರೂ ಮೂರೇ ತಿಂಗಳಲ್ಲಿ ಎಲೆಗಳೆಲ್ಲ ಕಂದಾಗಿ ಉದುರಿದವು. ಈ ಸಲ ಯಾವುದು ತರಲಿ?

ಉತ್ತರ: ಗಿಡದ ಹೆಸರು ಆಮೇಲೆ. ಮೊದಲು ಮಧ್ಯಾಹ್ನ 12 ಗಂಟೆಗೆ ದೀಪ ಆರಿಸಿ, ಆ ಮೂಲೆಯಲ್ಲಿ ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಒಳ್ಳೆಯ ಬೆಳಕು, ಮಸುಕಾಗಿದ್ದರೆ ಸಾಧಾರಣ. ನೆರಳೇ ಕಾಣದಿದ್ದರೆ ಅಲ್ಲಿ ಮರ ಬೆಳೆಯುವುದಿಲ್ಲ. ಕೂಡಿಟ್ಟುಕೊಂಡ ಸತ್ವ ಕರಗುವವರೆಗೆ ನಿಂತಿರುತ್ತದೆ, ಅಷ್ಟೆ. ನಮ್ಮ ಕಣ್ಣು ಮಬ್ಬಿಗೆ ಬೇಗ ಒಗ್ಗಿಕೊಳ್ಳುವುದರಿಂದ ಕೋಣೆ ಬೆಳಕಾಗಿದೆ ಎಂದೇ ನಮಗೆ ತೋರುತ್ತದೆ.

ನಿಮ್ಮ ಹಳೆಯ ಗಿಡ ಪಶ್ಚಿಮ ಆಫ್ರಿಕಾದ ಕಾಡಿನದು, ಬೆಳಕನ್ನು ಬಹಳ ಬೇಡುತ್ತದೆ. ಬೆಳಕು ಸಾಲದ ಗಿಡ ನೀರನ್ನೂ ಅಷ್ಟಾಗಿ ಹೀರುವುದಿಲ್ಲ. ಕುಂಡದಲ್ಲಿ ನಿಂತ ನೀರಿನಿಂದ ಬೇರು ಕೊಳೆತಿರಬೇಕು. ಅಕ್ಕರೆಯಿಂದಲೇ ಹಾಕಿದಿರಿ, ಬೇಸರಪಟ್ಟುಕೊಳ್ಳಬೇಡಿ.

ಸೋಫಾ ಆ ಮೂಲೆಗೆ ಸರಿಯಲಿ, ಗಿಡ ಬಾಗಿಲಿನಿಂದ ಮೂರು ನಾಲ್ಕು ಅಡಿಯೊಳಗೆ ಬರಲಿ. ಮಾರ್ಚ್, ಏಪ್ರಿಲ್ ತಿಂಗಳ ಇಳಿಬಿಸಿಲು ಎಲೆ ಸುಡುವುದುಂಟು, ಆಗ ತೆಳುಪರದೆ ಎಳೆದರೆ ಸಾಕು. ಉತ್ತರದ ಕಿಟಕಿಯನ್ನೂ ಕಡೆಗಣಿಸಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಬೆಂಗಳೂರಿನ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳುಗಳಲ್ಲಿ ಅಲ್ಲಿ ತಂಪಾದ, ಸಮನಾದ ಬೆಳಕು.

ಆ ಜಾಗಕ್ಕೆ ನಾನು ಹೇಳುವುದು ರಬ್ಬರ್ ಗಿಡವನ್ನೇ. ಹಾಲು ಇಳಿಸುವ ತೋಟದ ರಬ್ಬರ್ ಬೇರೆ. ಇದು ನಮ್ಮ ಆಲ, ಅರಳಿ, ಅತ್ತಿಗಳ ಬಳಗದ್ದು. ಮೇಘಾಲಯದ ಖಾಸಿ ಜನರು ಹಳ್ಳದ ಮೇಲೆ ಹೆಣೆದು ಬೆಳೆಸುವ ಜೀವಂತ ಸೇತುವೆಗಳು ಇದರ ಬೇರುಗಳೇ. ಅಂಥ ಗಟ್ಟಿ ಜೀವವನ್ನು ಬಿಟ್ಟು ಎಲ್ಲರೂ ಫಿಡಲ್ ಲೀಫ್ ಹಿಂದೆ ಹೋಗುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ನಾಲ್ಕಡಿಯ ಗಿಡ ತನ್ನಿ, ಆರಡಿಗೆ ನಿಮ್ಮ ಮನೆಯಲ್ಲೇ ಬೆಳೆಯಲಿ. ನಿಮ್ಮ ಬೆಳಕಿನಲ್ಲಿ ಬಿಟ್ಟ ಎಲೆ ಅಲ್ಲಿಗೆ ಒಗ್ಗಿರುತ್ತದೆ. ತುದಿ ಚಿವುಟಿದರೆ ಕವಲೊಡೆದು ಮರದ ರೂಪ ಬರುತ್ತದೆ. ಸುರಿಯುವ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕೈಗವಸು ಹಾಕಿಕೊಳ್ಳಿ.

ಇನ್ನು ನೀರಿಗೆ ವಾರದ ಲೆಕ್ಕ ಬೇಡ. ಬೆರಳನ್ನು ಎರಡು ಅಂಗುಲ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ಪ್ರಶ್ನೆ: ಹೇಳುವುದನ್ನು ಮರೆತೆ, ಮನೆಯಲ್ಲಿ ಬೆಕ್ಕಿದೆ. ಎಲೆ ಕಚ್ಚುವ ಅಭ್ಯಾಸ ಅದಕ್ಕೆ.

ಉತ್ತರ: ಹಾಗಾದರೆ ರಬ್ಬರ್ ಗಿಡ ಬೇಡ, ಅದರ ಹಾಲು ಬೆಕ್ಕಿಗೆ ಆಗದು. ಮನೆಯೊಳಗೆ ಇಡುವ ಇನ್ನೊಂದು ಎತ್ತರದ ಗಿಡ ಡ್ರಸೀನಾ ಅಂತೂ ಖಂಡಿತ ಬೇಡ, ಬೆಕ್ಕು ನಾಯಿಗಳಿಗೆ ವಿಷ. ಅರೆಕಾ ಪಾಮ್ ತನ್ನಿ, ಅದು ಬೆಕ್ಕಿಗೆ ವಿಷವಲ್ಲ. ನಮ್ಮ ಅಡಿಕೆಯ ದೂರದ ನಂಟ, ಮೂಲ ಮಡಗಾಸ್ಕರ್. ಬೋರ್‌ವೆಲ್ ನೀರಿನ ಉಪ್ಪಿಗೆ ಗರಿಯ ತುದಿ ಕಂದಾಗಬಹುದು. ಮಳೆನೀರು ಹಿಡಿದು ಹಾಕಿದರೆ ಹೊಸ ಗರಿಗಳು ಚೆನ್ನಾಗಿ ಬರುತ್ತವೆ. ಬೇಸಿಗೆಯಲ್ಲಿ ಗರಿಯ ಅಡಿಭಾಗದಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ, ಗಿಡವನ್ನು ಬಚ್ಚಲಿಗೆ ಒಯ್ದು ಜೋರಾಗಿ ನೀರು ಹಾಯಿಸಿ ತೊಳೆಯಿರಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಅರೆಕಾ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆಯಂತೆ, ನಿಜವೇ?

ಉತ್ತರ: ಆ ಮಾತು ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲು ತೆರೆದಿರುವ ಮನೆಯಲ್ಲಿ ಒಂದೆರಡು ಗಿಡಗಳಿಂದ ಗಾಳಿ ಬದಲಾಗುವುದಿಲ್ಲ. ಗರಿಗಳ ಹಸಿರು ಇಷ್ಟವಾದರೆ ತನ್ನಿ.

ಪ್ರಶ್ನೆ: ಹಾಳೆ ಇಟ್ಟು ನೋಡಿದೆ, ಮೂಲೆಯಲ್ಲಿ ನೆರಳೇ ಬೀಳಲಿಲ್ಲ. ಸೋಫಾ ಸರಿಸಿದ್ದೇವೆ. ಭಾನುವಾರ ನರ್ಸರಿಗೆ ಹೊರಟಿದ್ದೇವೆ.

ಉತ್ತರ: ಸಂತೋಷ. ಒಂದೇ ಕುಂಡದಲ್ಲಿ ಇಪ್ಪತ್ತು ಎಳೆ ಸಸಿ ತುರುಕಿದ್ದನ್ನು ಬಿಟ್ಟು, ದಪ್ಪ ಕಾಂಡದ ಐದಾರು ಇರುವುದನ್ನು ಆರಿಸಿ. ತಂದ ಕೂಡಲೇ ಕುಂಡ ಬದಲಿಸಬೇಡಿ, ತಿಂಗಳಾದರೂ ಕಳೆಯಲಿ. ಮೊದಲ ವಾರಗಳಲ್ಲಿ ಕೆಳಗಿನ ಒಂದೆರಡು ಗರಿ ಹಳದಿಯಾದರೆ ಹೆದರಿ ನೀರು ಸುರಿಯಬೇಡಿ.